ವಿಂಡೋಸ್ 10 ಕೂಡ ನಿಂತಿತು, ಪೇಜ್‌ಮೇಕರ್ ಇರುವ ಹಳೆ ಮೆಷಿನ್ ಎಂತ ಮಾಡುವುದು?

ಬದಿಯಡ್ಕ ಡಿಟಿಪಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಜಾತ್ರೆ ನೋಟೀಸು, ಯಕ್ಷಗಾನದ ಹ್ಯಾಂಡ್‌ಬಿಲ್, ಉತ್ತರಕ್ರಿಯೆಯ ಕಾರ್ಡು, ಇಷ್ಟೇ ಕೆಲಸ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಬೇಕು ಎನ್ನುವವರು ಜಾಸ್ತಿ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಉಂಟು. ಒಂದು ಕೋರ್ 2 ಡ್ಯುಯೊ, ವಿಂಡೋಸ್ 7, 32 ಬಿಟ್. ಇದರಲ್ಲಿ ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಂಗ್ ಮತ್ತು ಫಾಂಟಿಗೆ ಶ್ರೀಲಿಪಿ, ನುಡಿ, ಮಲಯಾಳಕ್ಕೆ ಐಎಸ್‌ಎಂ. ಅಂಗಡಿಯ ಅನ್ನ ಇದರಲ್ಲೇ. ಇನ್ನೊಂದು ಆರನೇ ತಲೆಮಾರಿನ ಐ3, ವಿಂಡೋಸ್ 10. ಅದರಲ್ಲಿ ವಾಟ್ಸಾಪ್, ಇಮೇಲ್, ಬಿಲ್ಲು. ಈಗ ಯಾರೂ ಕಾಗದದಲ್ಲಿ ಮ್ಯಾಟರ್ ಬರೆದು ತರುವುದಿಲ್ಲ. ವಾಟ್ಸಾಪ್‌ಗೆ ಹಾಕಿ, ಕೂಡಲೇ ಫೋನ್ ಮಾಡಿ "ಪ್ರೂಫ್ ಆಯಿತಾ" ಎಂದು ಕೇಳುತ್ತಾರೆ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಡುವುದು ನಿಂತಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹೇಗೂ ಇನ್ನೊಂದರಲ್ಲಿ 10 ಉಂಟಲ್ಲ ಎಂದು. ಈಗ ಅದೂ ಅಕ್ಟೋಬರ್ 14, 2025ಕ್ಕೆ ಮುಗಿಯಿತು. 11 ಹಾಕಲು ನೋಡಿದರೆ "ಈ ಪಿಸಿ ಆಗುವುದಿಲ್ಲ" ಎನ್ನುತ್ತದೆ. ಮೆಷಿನ್‌ಗೆ ಒಂದು ಚೂರೂ ತೊಂದರೆ ಇಲ್ಲ, ಚೆನ್ನಾಗಿ ಓಡುತ್ತಿದೆ.

ನಿಜವಾದ ಚಿಂತೆ ಹಳೆ ಫೈಲುಗಳದ್ದು. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶ ಬರುವುದು ಹನ್ನೆರಡು ವರ್ಷಕ್ಕೊಮ್ಮೆ. ಕಳೆದ ಸಲ ಆಮಂತ್ರಣ ಮಾಡಿಸಿದವರು ಈ ಸಲವೂ ಬಂದು, "ಅಕ್ಕ, ಅದೇ ಫೈಲ್ ತೆಗೆಯಿರಿ, ಸಮಿತಿಯ ಹೆಸರು ಮಾತ್ರ ಬದಲಿಸಿ" ಎನ್ನುತ್ತಾರೆ. ಕಂಪ್ಯೂಟರ್ ಕಂಪನಿಗೆ ಹನ್ನೆರಡು ವರ್ಷ ಎಂದರೆ ಯುಗ. ನಮಗೆ ಮುಂದಿನ ಆರ್ಡರ್.

ಎರಡನ್ನೂ ಕೊಟ್ಟು ಹೊಸದು ತರಬೇಕಾ? ಹಾಗೇ ಓಡಿಸಿದರೆ ಎಂತ ಆಗುತ್ತದೆ? ಗೊತ್ತಿದ್ದವರು ಹೇಳಿ.

ಉಪ್ಪಳದ ಹುಡುಗ:

ಅಕ್ಕ, ಐ3 ಬಗ್ಗೆ ಟೆನ್ಷನ್ ಬೇಡ. ರೂಫಸ್ ಎಂಬ ಸಾಫ್ಟ್‌ವೇರ್‌ನಲ್ಲಿ 11ರ ಪೆನ್‌ಡ್ರೈವ್ ಮಾಡುವಾಗ 11 ಕೇಳುವ ಟಿಪಿಎಂ, ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳನ್ನು ಚೆಕ್ ಮಾಡಬೇಡ ಎಂದು ಟಿಕ್ ಹಾಕಬಹುದು. ಮತ್ತೆ ಸೀದಾ ಇನ್‌ಸ್ಟಾಲ್ ಆಗುತ್ತದೆ. ಕೋರ್ 2 ಡ್ಯುಯೊಗೆ ಮಾತ್ರ ಇದು ನಡೆಯುವುದಿಲ್ಲ. 11ರ 24ಎಚ್2 ಆವೃತ್ತಿಗೆ ಪ್ರೊಸೆಸರ್‌ನಲ್ಲೇ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಬೇಕು, ಅದು ಇಲ್ಲದಿದ್ದರೆ ಬೂಟ್ ಕೂಡ ಆಗುವುದಿಲ್ಲ.

ಕುಂಬಳೆ ಸೇವಾ ಕೇಂದ್ರ:

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಮನೆಯ ಮೆಷಿನ್‌ಗೆ ಸರಿ, ಅಂಗಡಿಗೆ ನಾನಾದರೆ ಮಾಡುವುದಿಲ್ಲ. ಹೀಗೆ ಹಾಕಿದ ಪಿಸಿಗೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಮಾರ್ಚ್, ಏಪ್ರಿಲ್‌ನ ಸೀಸನ್ ಮಧ್ಯೆ ಅದು ಕೈ ಕೊಟ್ಟರೆ?

ನಿಮಗೆ ತಕ್ಷಣಕ್ಕೆ ಬೇರೆ ದಾರಿ ಉಂಟು. ವಿಂಡೋಸ್ 10ಕ್ಕೆ ಇಎಸ್‌ಯು ಎಂದು ಇನ್ನೊಂದು ವರ್ಷದ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆ, ಅಕ್ಟೋಬರ್ 13, 2026ರವರೆಗೆ. ಮೊದಲು ಮೆಷಿನ್‌ನಲ್ಲಿ 22ಎಚ್2 ಆವೃತ್ತಿ ಉಂಟಾ ನೋಡಿ. ಇದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಲಿಂಕ್ ಕಾಣುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. ಬ್ಯಾಕಪ್ ಬೇಡ ಎಂದರೆ 30 ಡಾಲರ್ ಕಟ್ಟುವ ದಾರಿ. ಹೊಸ ಸೌಲಭ್ಯ ಎಂತದ್ದೂ ಬರುವುದಿಲ್ಲ, ತೂತು ಮುಚ್ಚುತ್ತಾರೆ ಅಷ್ಟೇ. ಈ ಸೀಸನ್ ಕಳೆಯಲು ಅಷ್ಟು ಸಾಕಲ್ವಾ?

ಹಾಗೇ ಓಡಿಸಿದರೆ ಎಂತ ಆಗುತ್ತದೆ ಎಂದಿರಿ. ನಾಳೆಯೇ ಎಂತದ್ದೂ ಆಗುವುದಿಲ್ಲ. ಅದೇ ಕಷ್ಟ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಬಂದದ್ದು ನೆನಪಿರಬಹುದು. ಫೈಲುಗಳಿಗೆಲ್ಲ ಬೀಗ ಹಾಕಿ ಬಿಟ್‌ಕಾಯಿನ್ ಕೇಳುತ್ತಿತ್ತು. ಕೇರಳದ ಕೆಲವು ಪಂಚಾಯತ್ ಕಚೇರಿಗಳ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದಿದ್ದವು. ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಸಪೋರ್ಟ್ ಇದ್ದ ಮೆಷಿನ್‌ಗಳೇ ಅಪ್‌ಡೇಟ್ ಮಾಡದೆ ಕೆಟ್ಟವು. ನಿಮ್ಮ 7ಕ್ಕೆ 2020ರ ಜನವರಿಯಿಂದ ಸಾಮಾನ್ಯರಿಗೆ ಪ್ಯಾಚ್ ಎಂಬುದೇ ಇಲ್ಲ. ಅದು ಈಗ ನೆಟ್‌ಗೆ ಕನೆಕ್ಟ್ ಆಗಿದೆಯಾ? ಆಗಿದ್ದರೆ ಇದನ್ನು ಓದಿ ಮುಗಿಸುವ ಮೊದಲು ವಯರ್ ತೆಗೆಯಿರಿ.

ಪೆರ್ಲ ಐಟಿ ಟೀಚರ್:

ವಿಂಡೋಸ್ ಬದಲು ದುಡ್ಡಿಲ್ಲದೆ ಹಾಕಬಹುದಾದ ಲಿನಕ್ಸ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಕೇರಳದ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಅದೇ ಓಡುತ್ತಿದೆ. ಅದನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಮೊದಲು ಐಟಿ ಅಟ್ ಸ್ಕೂಲ್, ಈಗ ಕೈಟ್. ಅವರು ಉಬುಂಟು ಎಂಬ ಲಿನಕ್ಸ್‌ನ ಮೇಲೆ ಕಟ್ಟಿ ಕೊಡುವುದನ್ನೇ ನಾವು ಲ್ಯಾಬ್‌ನಲ್ಲಿ ಹಾಕುವುದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಎಸ್‌ಎಸ್‌ಎಲ್‌ಸಿ ಐಟಿ ಪರೀಕ್ಷೆ ಬರೆಯುವುದೂ ಅದರಲ್ಲೇ. ಚಿತ್ರ ಮಾಡುವ ಇಂಕ್‌ಸ್ಕೇಪ್, ಜಿಂಪ್ ಅವರಿಗೆ ನೀರು ಕುಡಿದಷ್ಟು ಸುಲಭ. ವಿಂಡೋಸ್ 10 ನಿಂತ ದಿನ ನಮ್ಮ ಲ್ಯಾಬ್‌ನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ನಿಮ್ಮ ಐ3ಗೆ ಲಿನಕ್ಸ್ ಮಿಂಟ್ 22 ಹಾಕಬಹುದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಇರುವ ಆವೃತ್ತಿ ಹಗುರ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ, ಹೊಸ ಮೆಷಿನ್ ಬಂದ ಹಾಗೆ ಆಗುತ್ತದೆ.

ಟೈಪಿಂಗ್‌ಗೆ ಹೆದರಬೇಡಿ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ ಕನ್ನಡಕ್ಕೆ ಕೆಜಿಪಿ ಎಂಬ ಕೀಲಿಮಣೆ ಉಂಟು. ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸ ಆದದ್ದೇ ಅದು, ಕಿನ್ನಿಕಂಬಳದ ಕೆ. ಪಿ. ರಾವ್ ಅವರ ವಿನ್ಯಾಸ. ಮಲಯಾಳವೂ ಅಲ್ಲೇ ಸಿಗುತ್ತದೆ. ಎರಡು ಭಾಷೆಗೆ ಎರಡು ಸಾಫ್ಟ್‌ವೇರ್ ತೆರೆಯುವ ಕಷ್ಟ ಇಲ್ಲ.

ಬದಿಯಡ್ಕ ಡಿಟಿಪಿ:

ವಯರ್ ತೆಗೆದೆ ಮಾರಾಯ್ರೆ! ಇಎಸ್‌ಯು ಲಿಂಕ್ ಕೂಡ ಕಂಡಿತು, ಇವತ್ತು ರಾತ್ರಿ ಸೇರಿಸುತ್ತೇನೆ.

ಟೀಚರ್, ಲಿನಕ್ಸ್ ಆಸೆ ಉಂಟು. ಆದರೆ ನನ್ನ ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಅದು ಹಿಡಿಯುತ್ತದಾ? ಮತ್ತೆ ಶ್ರೀಲಿಪಿಗೆ ಹಾರ್ಡ್‌ವೇರ್ ಲಾಕ್ ಉಂಟು, ಸಿಪಿಯು ಹಿಂದೆ ಚುಚ್ಚುವಂಥದ್ದು. ಅದು ಇಲ್ಲದೆ ತೆರೆಯುವುದೇ ಇಲ್ಲ. ಹಳೆ ಬ್ರಹ್ಮಕಲಶದ ಫೈಲುಗಳಲ್ಲಿ ಅರ್ಧ ಶ್ರೀಲಿಪಿ, ಅರ್ಧ ನುಡಿ.

ಪೆರ್ಲ ಐಟಿ ಟೀಚರ್:

ಅಯ್ಯೋ, 2900! ನಿಮ್ಮ ಬೀದಿಯ ಎಲ್ಲ ಅಂಗಡಿಯಲ್ಲೂ ಅದೇ ಇರಬೇಕು. ಲಿನಕ್ಸ್‌ನಲ್ಲಿ ಅದು ತಾನಾಗಿ ಹಿಡಿಯುವುದಿಲ್ಲ. ಕ್ಯಾಪ್ಟ್ ಎಂಬ ಬೇರೆ ಡ್ರೈವರ್ ಹಾಕಬೇಕು, ಅದು ತುಂಬಾ ಕಿರಿಕಿರಿ. ದಿನವಿಡೀ ಪ್ರಿಂಟ್ ತೆಗೆಯುವ ಅಂಗಡಿಗೆ ನಾನು ಒತ್ತಾಯ ಮಾಡುವುದಿಲ್ಲ. ಪ್ರಿಂಟರ್ ಬದಲಿಸುವ ದಿನ ನೋಡುವ.

ಹೊಸಂಗಡಿ ಪ್ರೆಸ್:

ನಾನು ಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಎಲ್ಲರೂ ಮೆಷಿನ್ ಉಳಿಸುವ ಮಾತಾಡುತ್ತಿದ್ದಾರೆ. ಮೆಷಿನ್ ಹೋದರೆ ಇನ್ನೊಂದು ಬರುತ್ತದೆ. ಆ ಫೈಲುಗಳನ್ನು ಪೇಜ್‌ಮೇಕರ್‌ನಿಂದ ಹೊರಗೆ ತರುವುದೇ ನಿಮಗೆ ಈಗ ಇರುವ ಕೆಲಸ.

ಒಂದು ವಿಷಯ ಮೊದಲು ತಿಳಿದುಕೊಳ್ಳಿ. ನಿಮ್ಮ ಫೈಲಿನೊಳಗೆ ಕನ್ನಡ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದರ ಮೇಲೆ ನುಡಿಯ ಫಾಂಟ್ ಹಾಕಿದಾಗ ಕನ್ನಡವಾಗಿ ಕಾಣುತ್ತದೆ. ಫಾಂಟ್ ಹೋದರೆ ಉಳಿಯುವುದು ಕಸ. ಶ್ರೀಲಿಪಿಯದ್ದೂ ಹಾಗೇ, ಆದರೆ ಅದರ ಸಂಕೇತಗಳು ಬೇರೆ. ನುಡಿ ಮತ್ತು "ಬರಹ" ಸಾಫ್ಟ್‌ವೇರ್‌ನ ಹಳೆ ಫಾಂಟುಗಳಿಗೆ ಒಂದೇ ಕನ್ವರ್ಟರ್ ಸಾಕು. ಶ್ರೀಲಿಪಿಯ ಮ್ಯಾಟರನ್ನು ಅದಕ್ಕೆ ಕೊಟ್ಟರೆ ಓದಲಾಗದ ಎಂತದ್ದೋ ಬರುತ್ತದೆ. ಆದ್ದರಿಂದ ಮೊದಲು ಯಾವ ಫೈಲಿನಲ್ಲಿ ಯಾವ ಫಾಂಟ್ ಉಂಟು ಎಂದು ಬೇರೆ ಬೇರೆ ಫೋಲ್ಡರ್ ಮಾಡಿ. ಬೇಜಾರಿನ ಕೆಲಸ, ಆದರೆ ಮಳೆಗಾಲದಲ್ಲಿ ಅಂಗಡಿ ಹೇಗೂ ಖಾಲಿ ಅಲ್ವಾ?

ನುಡಿಯ ಫೈಲುಗಳು ಸುಲಭ. ಪೇಜ್‌ಮೇಕರ್‌ನಲ್ಲಿ ಒಂದೊಂದು ಸ್ಟೋರಿಯನ್ನು, ಅಂದರೆ ಮ್ಯಾಟರಿನ ಒಂದೊಂದು ತುಂಡನ್ನು, ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಕನ್ವರ್ಟರ್‌ಗೆ ಕೊಟ್ಟು ಯೂನಿಕೋಡ್, ಅಂದರೆ ಎಲ್ಲ ಮೆಷಿನ್‌ಗೂ ತಿಳಿಯುವ ನಿಜವಾದ ಕನ್ನಡ ಅಕ್ಷರ, ಮಾಡಿಕೊಳ್ಳಿ. ಹೊಸ ನುಡಿಯಲ್ಲೇ ಕನ್ವರ್ಟರ್ ಉಂಟು. ಬಂದದ್ದನ್ನು ಹಾಗೇ ಅಚ್ಚಿಗೆ ಕಳಿಸಬೇಡಿ. ನಡುವೆ ಇಂಗ್ಲಿಷ್ ಫಾಂಟ್‌ನಲ್ಲಿ ಇಮೇಲ್ ವಿಳಾಸ, ಇಂಗ್ಲಿಷ್ ಹೆಸರು ಇದ್ದರೆ ಅದನ್ನೂ ಕನ್ನಡ ಎಂದು ತಿಳಿದು ತಿರುಚಿ ಹಾಕುತ್ತದೆ. ಅರ್ಕಾವತ್ತು, ಒತ್ತು ಇರುವ ಕಡೆ ಕಣ್ಣು ಜಾಸ್ತಿ ಬೇಕು. ಬ್ರಹ್ಮಕಲಶದ ಆಮಂತ್ರಣದಲ್ಲಿ ತಂತ್ರಿಗಳ ಹೆಸರಿನ ಒಂದು ಒತ್ತು ತಪ್ಪಿದರೆ ಎಷ್ಟು ಫೋನ್ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಪುಟದ ಡಿಸೈನೂ ಬೇಕು ಎಂದಾದರೆ ಇನ್‌ಡಿಸೈನ್ ಸಿಎಸ್6 ಇರುವ ಯಾರಾದರೂ ಪರಿಚಯದವರನ್ನು ಹಿಡಿಯಿರಿ. ಪೇಜ್‌ಮೇಕರ್ 6, 7ರ ಫೈಲುಗಳನ್ನು ಅದು ನೇರ ತೆರೆಯುತ್ತದೆ. ಅದರ ನಂತರದ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಲಿಬ್ರೆ ಆಫೀಸ್‌ನ ಡ್ರಾ ಕೂಡ ತೆರೆಯುತ್ತದೆ, ಆದರೆ ಸಾಲುಗಳು ಅಲ್ಲಿಲ್ಲಿ ಜಾರಿರುತ್ತವೆ. ಬಾರ್ಡರ್, ಕಳಶದ ಚಿತ್ರ ಎಲ್ಲಿತ್ತು ಎಂದು ನೋಡಿಕೊಳ್ಳಲು ಅಷ್ಟು ಸಾಕು. ಹೊಸ ಕೆಲಸವನ್ನು ಇನ್ನು ಪೇಜ್‌ಮೇಕರ್‌ನಲ್ಲಿ ಶುರು ಮಾಡಬೇಡಿ. ಅದರ ಬದಲು ಪುಟ ಜೋಡಿಸುವ ಸ್ಕ್ರೈಬಸ್‌ನ ಈಗಿನ ಆವೃತ್ತಿಯಲ್ಲಿ ಯೂನಿಕೋಡ್ ಕನ್ನಡ ಒತ್ತು ಸಮೇತ ಸರಿಯಾಗಿ ಕೂರುತ್ತದೆ, ವಿಂಡೋಸ್‌ನಲ್ಲೂ ಓಡುತ್ತದೆ, ದುಡ್ಡಿಲ್ಲ. ನಮ್ಮ ಹಳೆ ಡಿಸೈನ್ ಫಾಂಟ್‌ಗಳ ಚಂದ ಯೂನಿಕೋಡ್‌ನಲ್ಲಿ ಇನ್ನೂ ಪೂರ್ತಿ ಬಂದಿಲ್ಲ ಎಂಬ ದೂರು ನನಗೂ ಉಂಟು. ತಲೆಬರಹಕ್ಕೆ ಮಾತ್ರ ಹಳೆ ಫಾಂಟ್ ಇಟ್ಟುಕೊಂಡು, ಅದನ್ನು ಔಟ್‌ಲೈನ್ ಮಾಡಿ ಹಾಕುತ್ತೇನೆ. ಔಟ್‌ಲೈನ್ ಆದ ಮೇಲೆ ಅದು ಬರೀ ಚಿತ್ರ, ಯಾವ ಮೆಷಿನ್‌ನಲ್ಲೂ ಕೆಡುವುದಿಲ್ಲ.

ಶ್ರೀಲಿಪಿಯ ಫೈಲುಗಳಿಗೆ ಆತುರ ಬೇಡ. ಮೊದಲು ಎಲ್ಲದರ ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಸೇರಿರಬೇಕು (ಎಂಬೆಡ್). ಕಡೇ ಪಕ್ಷ ನೋಡಿ ಟೈಪ್ ಮಾಡಲಾದರೂ ಆಗುತ್ತದೆ. ಆ ಲಾಕ್ ಎಂಥದ್ದು ಎಂದು ಹೇಳಿ. ಪೆನ್‌ಡ್ರೈವ್ ಹಾಗೆ ಉಂಟಾ, ಅಥವಾ ಎರಡು ಬದಿ ಸ್ಕ್ರೂ ಇರುವ ಅಗಲದ್ದಾ?

ಬದಿಯಡ್ಕ ಡಿಟಿಪಿ:

ಸ್ಕ್ರೂ ಇರುವ ಅಗಲದ್ದು. ಅದರ ಹಿಂದೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಕೇಬಲ್ ಸಿಕ್ಕಿಸುತ್ತಿದ್ದೆವು. ಯುಎಸ್‌ಬಿಗೆ ಬದಲಿಸುವ ಕೇಬಲ್ ಕಾಸರಗೋಡಿನಲ್ಲಿ ಸಿಗುತ್ತದೆ, ಅದರಲ್ಲಿ ಐ3ಗೆ ಹಾಕಬಹುದಾ?

ಉಪ್ಪಳದ ಹುಡುಗ:

ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಉಂಟಲ್ಲ, ಐ3ಯಲ್ಲಿ ಪೂರ್ತಿ ವಿಂಡೋಸ್ 7ನ್ನೇ ಅದರೊಳಗೆ ಹಾಕಿದರೆ ಆಗುವುದಿಲ್ಲವಾ?

ಹೊಸಂಗಡಿ ಪ್ರೆಸ್:

ಆ ಕೇಬಲ್‌ಗೆ ದುಡ್ಡು ಹಾಕಬೇಡಿ. ಅದು ಪ್ರಿಂಟರ್‌ಗೆ ಮಾತ್ರ ಮಾಡಿದ್ದು, ಲಾಕನ್ನು ಓದುವುದಿಲ್ಲ. ವರ್ಚುವಲ್‌ಬಾಕ್ಸ್ ಒಳ್ಳೆಯ ಯೋಚನೆ, ಯುಎಸ್‌ಬಿ ಲಾಕ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನುಡಿ ಮತ್ತು ಪೇಜ್‌ಮೇಕರ್‌ಗೆ ಈಗಲೂ ಅದು ನಡೆಯುತ್ತದೆ. ಒಳಗಿನ ವಿಂಡೋಸ್‌ಗೆ ನೆಟ್‌ವರ್ಕ್ ಆಫ್ ಮಾಡಿಡಿ ಅಷ್ಟೇ.

ಶ್ರೀಲಿಪಿ ಮುಗಿಯುವವರೆಗೆ ಕೋರ್ 2 ಡ್ಯುಯೊವನ್ನೇ ಸಾಕಬೇಕು. ಅದರ ಹಾರ್ಡ್ ಡಿಸ್ಕ್ ಇಷ್ಟು ವರ್ಷ ತಡೆದದ್ದೇ ದೊಡ್ಡದು. ಮೊದಲು ಕ್ಲೋನೆಝಿಲ್ಲಾದಲ್ಲಿ ಪೂರ್ತಿ ಡಿಸ್ಕ್ ಒಂದು ಎಸ್‌ಎಸ್‌ಡಿಗೆ ಕಾಪಿ ಮಾಡಿಸಿ, ಹಳೆಯದನ್ನು ತೆಗೆದು ಕಪಾಟಿನಲ್ಲಿಡಿ. ಬೋರ್ಡಿನ ಸಣ್ಣ ಬ್ಯಾಟರಿ, 2032 ಎಂದು ಕೇಳಿ, ಅದನ್ನೂ ಬದಲಿಸಿ. ನೆಟ್ ವಯರ್ ಮತ್ತೆ ಹಾಕಲೇಬೇಡಿ. ಗಿರಾಕಿಯ ಪೆನ್‌ಡ್ರೈವ್ ಅದಕ್ಕೆ ಸೀದಾ ಚುಚ್ಚಬೇಡಿ. ಫೋಟೋ, ಮ್ಯಾಟರ್ ಎಲ್ಲ ಮೊದಲು ಐ3ಗೆ ಬರಲಿ, ಅಲ್ಲಿ ಸ್ಕ್ಯಾನ್ ಆಗಿ ಅಂಗಡಿಯದ್ದೇ ಒಂದು ಪೆನ್‌ಡ್ರೈವ್‌ನಲ್ಲಿ ಈಚೆಗೆ ಬರಲಿ. ಹೊಸ ಮೆಷಿನ್ ಒಂದು ಬೇಕೇ ಬೇಕು, ಆದರೆ ಇಎಸ್‌ಯು ಇರುವುದರಿಂದ 2026ರ ಅಕ್ಟೋಬರ್‌ವರೆಗೆ ದುಡ್ಡು ಕೂಡಿಸಲು ಸಮಯ ಉಂಟು.

ಶ್ರೀಲಿಪಿಯ ನಾಲ್ಕು ಸಾಲು ಟೆಕ್ಸ್ಟ್ ಮಾಡಿ, ಯಾವ ಫಾಂಟ್ ಎಂದು ಹೆಸರು ಸಮೇತ ನನಗೆ ಕಳಿಸಿ. ನನ್ನಲ್ಲಿರುವ ಕನ್ವರ್ಟರ್‌ನಲ್ಲಿ ಹಾಕಿ ನೋಡಿ ಹೇಳುತ್ತೇನೆ.