ಅಕ್ಕಿ ಗೋದಾಮಿಗೆ ಮಳೆನೀರು: ಕ್ಲೈಮ್‌ಗೆ ವಕೀಲರು ಬೇಕಾ?

ಪ್ರಶ್ನೆ: ಗಂಗಾವತಿಯಲ್ಲಿ ಗೋದಾಮಿಗೆ ನೀರು ನುಗ್ಗಿ 4 ಲಕ್ಷದ ಅಕ್ಕಿ ಹಾಳಾಗೈತಿ. ನಷ್ಟ ಅಳೆಯಾಕ ಬಂದ ವಿಮಾ ಸರ್ವೇಯರ್ 2 ಲಕ್ಷವೇ ಅಂತ ಬರೆದಾರ. ವಕೀಲರನ್ನ ಹಿಡಿಯೋದಾ?

ಉತ್ತರ 1: ಮೊದಲು ಸರ್ವೇ ರಿಪೋರ್ಟ್ ಪ್ರತಿ ತಗೊಳ್ರಿ. ಒಳಗೆ 20 ಲಕ್ಷದ ಮಾಲಿದ್ದು ಪಾಲಿಸಿ 10 ಲಕ್ಷಕ್ಕೇ ಇದ್ರ, ಸರಾಸರಿ ಷರತ್ತಿನಂಗ (ಮಾಲಿನ ಎಷ್ಟು ಪಾಲಿಗೆ ವಿಮೆಯೋ, ನಷ್ಟದ ಅಷ್ಟೇ ಪಾಲು) ನಷ್ಟದ ಅರ್ಧವೇ ಬರೋದು. ವಕೀಲರಿಂದಲೂ ಅದು ಬದಲಾಗಂಗಿಲ್ಲ. ಹಂಗಿಲ್ಲಾಂದ್ರ ಖರೀದಿ ಬಿಲ್, ಸ್ಟಾಕ್ ಬುಕ್ ಇಟ್ಟು ಲೆಕ್ಕ ಪ್ರಶ್ನಿಸ್ರಿ. ತೊಯ್ದ ಚೀಲ ಎಸೆದಿಲ್ಲ ತಾನೆ? ನಷ್ಟಕ್ಕ ಅವೇ ಸಾಕ್ಷಿ.

ಉತ್ತರ 2: ವಿಮಾ ಕಂಪನಿ ಕೊಡೋ ‘ಪೂರ್ತಿ ಇತ್ಯರ್ಥ’ ಅಂತಿರೋ ವೋಚರ್‌ಗೆ ಸಹಿ ಬ್ಯಾಡ. ಕಂಪನಿಗೆ ಲಿಖಿತ ದೂರು ಕೊಡ್ರಿ. ತಿಂಗಳಾದ್ರೂ ಉತ್ತರ ಇಲ್ಲಾಂದ್ರ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥ ಮಾಡೋ ಅಧಿಕಾರಿ) ಕಡೆ ಹೋಗ್ರಿ. ಸಣ್ಣ ವ್ಯಾಪಾರಿಗೂ ಅವಕಾಶ ಐತಿ, ಫೀ ಇಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ.

ಉತ್ತರ 3: ಗ್ರಾಹಕ ಆಯೋಗಕ್ಕೆ 2 ವರ್ಷ ಟೈಮ್ ಐತಿ. ಆದ್ರ ಅಲ್ಲಿ ಕೇಸ್ ಹಾಕಿದ ಮ್ಯಾಲೆ ಒಂಬುಡ್ಸ್‌ಮನ್ ತಗೊಳ್ಳಂಗಿಲ್ಲ. ‘ಬಂದದ್ರಾಗ ಪರ್ಸೆಂಟ್ ಕೊಡ್ರಿ’ ಅನ್ನೋ ವಕೀಲರನ್ನ ಬಿಡ್ರಿ, ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ ಅದು.