ಔಟ್‌ಬೋರ್ಡ್ ಎಂಜಿನ್ ಮೇಲೇಳುತ್ತಿಲ್ಲ: ಕೆಟ್ಟಿರುವುದು ಟಿಲ್ಟ್ ಮೋಟರೋ, ವೈರಿಂಗೋ?

ಪ್ರಶ್ನೆ: ಹಿನ್ನೀರಿನವನು, ಹಾಸನ

ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಓಡುವ ಒಂದು ಫೈಬರ್ ದೋಣಿಯನ್ನು ನಾನು ನೋಡಿಕೊಳ್ಳುತ್ತೇನೆ. ಅದಕ್ಕೆ ಹಿಂಬದಿಯಲ್ಲಿ ತೂಗುಹಾಕಿದ 40 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದ್ದು, ಗುಂಡಿ ಒತ್ತಿದರೆ ಎಂಜಿನ್ ಮೇಲಕ್ಕೇಳುವ ಪವರ್ ಟಿಲ್ಟ್ ವ್ಯವಸ್ಥೆಯೂ ಇದೆ. ಕಳೆದ ವಾರದಿಂದ ಮೇಲಿನ ಗುಂಡಿಯನ್ನು ಒತ್ತಿದರೂ ಕೆಳಗಿನದನ್ನು ಒತ್ತಿದರೂ ಕವರಿನೊಳಗೆ ರಿಲೇ (ಗುಂಡಿ ಒತ್ತಿದಾಗ ಮೋಟರಿಗೆ ಕರೆಂಟ್ ಜೋಡಿಸುವ ಸ್ವಿಚ್) ‘ಟಿಕ್’ ಎನ್ನುತ್ತದೆಯೇ ಹೊರತು ಮೋಟರ್ ತಿರುಗುತ್ತಿಲ್ಲ. ಒಮ್ಮೆ ಮಾತ್ರ ಮೋಟರಿನ ಮೈಯನ್ನು ಮರದ ತುಂಡಿನಿಂದ ತಟ್ಟಿದಾಗ ಎಂಜಿನ್ ನಾಲ್ಕು ಬೆರಳಿನಷ್ಟು ಎದ್ದು ನಿಂತುಬಿಟ್ಟಿತು. ಫ್ಯೂಸ್ ಸರಿಯಿದೆ, ಬ್ಯಾಟರಿ ಹೊಸದು.

ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಬುಡದವರೆಗೂ ಕಾಣತೊಡಗಿವೆ ಎಂದರೆ ನೀರು ಎಷ್ಟು ಇಳಿದಿದೆ ಎಂಬುದು ಈ ಕಡೆಯವರಿಗೆ ತಿಳಿಯುತ್ತದೆ. ದಡ ಸೇರುವಾಗ ಎಂಜಿನ್ ಎತ್ತದಿದ್ದರೆ ಪ್ರೊಪೆಲರ್ ಕೆಸರಿಗೆ ಕಚ್ಚಿಕೊಳ್ಳುತ್ತದೆ. ನೋಡಲು ಬಂದಿದ್ದ ಮೆಕ್ಯಾನಿಕ್ ಇಡೀ ಟಿಲ್ಟ್ ಯೂನಿಟ್ಟನ್ನೇ ಬದಲಿಸಬೇಕೆಂದು ಹೇಳಿ ಹೋಗಿದ್ದಾರೆ. ಅವರು ಹೇಳಿದ ಮೊತ್ತಕ್ಕೆ ಒಂದು ಹಳೆಯ ಬೈಕೇ ಬರುತ್ತದೆ. ಅದಕ್ಕೆ ಮೊದಲು ನಾನೇ ಪರೀಕ್ಷಿಸಿ ನೋಡಬಹುದಾದದ್ದು ಏನಾದರೂ ಇದೆಯೇ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ತಂತಿ ಕೆಲಸದವನು, ಸಕಲೇಶಪುರ

ರಿಲೇ ಸದ್ದು ಮಾಡಿತೆಂದ ಮಾತ್ರಕ್ಕೆ ಮೋಟರಿಗೆ ಕರೆಂಟ್ ತಲುಪಿತೆಂದು ತಿಳಿಯಬೇಡಿ. ಎರಡು ದಪ್ಪ ವೈರುಗಳ ಮೋಟರಾಗಿದ್ದರೆ, ಗುಂಡಿ ಒತ್ತದೆ ಇರುವಾಗ ಎರಡೂ ವೈರುಗಳು ತಮ್ಮ ತಮ್ಮ ರಿಲೇಯ ಮೂಲಕ ನೆಗೆಟಿವ್‌ಗೆ ಸೇರಿಕೊಂಡಿರುತ್ತವೆ. ಮೇಲಿನ ಗುಂಡಿಯನ್ನು ಒತ್ತಿದಾಗ ಮೇಲಿನ ರಿಲೇ ತನ್ನ ವೈರನ್ನು ಪಾಸಿಟಿವ್‌ಗೆ ಎಳೆದುಕೊಳ್ಳುತ್ತದೆ. ಕರೆಂಟ್ ಮೋಟರನ್ನು ದಾಟಿ, ಸುಮ್ಮನೆ ಕುಳಿತಿರುವ ಇನ್ನೊಂದು ರಿಲೇಯ ಮೂಲಕ ಹಿಂದಿರುಗುತ್ತದೆ. ಹೀಗಾಗಿ ಎಂಜಿನ್ ಮೇಲೇಳದಿರುವುದಕ್ಕೆ ಕೆಳಗಿನ ರಿಲೇಯ ಸುಟ್ಟ ಪಾಯಿಂಟ್ ಕಾರಣವಾಗಿರುವುದೂ ಉಂಟು, ಮತ್ತು ಇದನ್ನು ಅರಿಯದೆ ಒಳ್ಳೆಯ ರಿಲೇಯನ್ನೇ ಎಸೆದವರನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಎರಡು ದಿಕ್ಕೂ ನಿಂತಿರುವುದರಿಂದ, ಎರಡು ರಿಲೇಗಳು ಒಂದೇ ದಿನ ಕೆಟ್ಟವು ಎನ್ನುವುದಕ್ಕಿಂತ ಎರಡಕ್ಕೂ ಸಾಮಾನ್ಯವಾದ ಪಾಸಿಟಿವ್ ವೈರು, ನೆಗೆಟಿವ್ ವೈರು ಅಥವಾ ಮೋಟರನ್ನೇ ಸಂಶಯಿಸುವುದು ಸರಿ.

ಒಬ್ಬರು ಗುಂಡಿ ಒತ್ತಿ ಹಿಡಿಯಲಿ. ನೀವು ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಮೋಟರಿನ ಎರಡು ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಒಂದು 12ರ ಆಸುಪಾಸು, ಇನ್ನೊಂದು ಸೊನ್ನೆಯ ಆಸುಪಾಸು ತೋರಿಸಬೇಕು. ಎರಡೂ 12 ತೋರಿಸಿದರೆ ನೆಗೆಟಿವ್ ದಾರಿ ಎಲ್ಲೋ ಕಡಿದಿದೆ ಎಂದೇ ಅರ್ಥ. ಎರಡು ವೈರುಗಳ ನಡುವೆ ಪೂರ್ತಿ ವೋಲ್ಟೇಜ್ ಇದ್ದೂ ಮೋಟರ್ ಅಲುಗದಿದ್ದರೆ ಕರೆಂಟ್ ಒಳಗೆ ಹರಿಯುತ್ತಲೇ ಇಲ್ಲ. ವೋಲ್ಟೇಜ್ 10ಕ್ಕಿಂತ ಕೆಳಗೆ ಕುಸಿದರೆ ಒಂದೋ ಯಾವುದೋ ಜೋಡಣೆ ಹಸಿರುಗಟ್ಟಿದೆ, ಇಲ್ಲವೇ ಮೋಟರ್ ಬಿಗಿದುಕೊಂಡು ಕರೆಂಟನ್ನು ಎಳೆಯುತ್ತಿದೆ.

ಒಂದು ಎಚ್ಚರಿಕೆ. ಮೋಟರಿನ ವೈರು ಬಿಚ್ಚಿಟ್ಟು ಅಳೆದರೆ ಒಂದೇ ಎಳೆ ಉಳಿದಿರುವ ವೈರು ಕೂಡ ಮೀಟರಿನಲ್ಲಿ 12 ತೋರಿಸಿ ಮೋಸ ಮಾಡುತ್ತದೆ. ಹಾಗೆ ಬಿಚ್ಚಿದರೆ ಮೋಟರಿನ ಜಾಗದಲ್ಲಿ ಕಾರಿನ ಹೆಡ್‌ಲೈಟ್ ಬಲ್ಬನ್ನು ಹಾಕಿ, ಅದು ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆಯೇ ಎಂದು ನೋಡಿ.

ಹಿನ್ನೀರಿನವನು, ಹಾಸನ

ತಾವು ಹೇಳಿದಂತೆ ಅಳೆದೆ. ಒಂದು ವೈರಿನಲ್ಲಿ 12.4, ಇನ್ನೊಂದರಲ್ಲಿ ಸೊನ್ನೆ. ಕೆಳಗಿನ ಗುಂಡಿಗೆ ಅದೇ ಅಂಕಿಗಳು ಅದಲುಬದಲಾದವು. ಗುಂಡಿ ಒತ್ತಿದಾಗ ಬ್ಯಾಟರಿಯ ವೋಲ್ಟೇಜ್ ಕಿಂಚಿತ್ತೂ ಇಳಿಯಲಿಲ್ಲ.

ಉತ್ತರ: ಭದ್ರಾ ತೀರ, ಲಕ್ಕವಳ್ಳಿ

ಹಾಗಾದರೆ ವೈರಿಂಗ್ ನಿರ್ದೋಷಿ. ತಟ್ಟಿದಾಗ ಒಮ್ಮೆ ಎದ್ದಿತೆಂದು ಬರೆದಿರುವುದನ್ನು ಇದರ ಜೊತೆಗಿಟ್ಟು ನೋಡಿದರೆ, ಮೋಟರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು, ಅಂದರೆ ಕಾರ್ಬನ್ ಬ್ರಷ್, ತನ್ನ ಗೂಡಿನಲ್ಲಿ ಸಿಕ್ಕಿಕೊಂಡು ಕಮ್ಯುಟೇಟರನ್ನು (ತಿರುಗುವ ಭಾಗದ ತಾಮ್ರದ ಪಟ್ಟಿಗಳ ಉಂಗುರವನ್ನು) ಮುಟ್ಟುತ್ತಿಲ್ಲ ಎನ್ನಿಸುತ್ತದೆ. ಇನ್ನು ಮುಂದೆ ತಟ್ಟಬೇಡಿ. ಒಳಗಿನ ಅಯಸ್ಕಾಂತಗಳು ಬಿರುಕು ಬಿಟ್ಟರೆ ಆ ಮೋಟರಿಗೆ ನಿಜವಾಗಿಯೂ ಬೇರೆ ದಾರಿಯಿಲ್ಲ.

ಬಿಚ್ಚುವ ಮೊದಲು ಬ್ರಾಕೆಟ್ಟಿನ ಪಕ್ಕದ ತೂತಿನಲ್ಲಿ ಕಾಣುವ ಮ್ಯಾನುಯಲ್ ವಾಲ್ವಿನ ಸ್ಕ್ರೂವನ್ನು ಸಡಿಲಿಸಿ, ಇಬ್ಬರು ಸೇರಿ ಎಂಜಿನ್ ಎತ್ತಿ, ಲಾಕ್ ಹಾಕಿ, ಅದರ ಮೇಲೂ ನಂಬಿಕೆಯಿಡದೆ ಗಟ್ಟಿ ಮರದ ಊರುಗೋಲು ಕೊಡಿ. 70 ಕಿಲೋ ಮೀರಿದ ಭಾರದ ಕೆಳಗೆ ಕೈಯಿಡುವ ಕೆಲಸವಿದು. ಮೋಟರಿನ ಸುತ್ತಲಿನ ಕೆಸರನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಿದ ಮೇಲೆಯೇ ಸ್ಕ್ರೂಗಳಿಗೆ ಕೈಹಚ್ಚಿ. ಮೋಟರಿನ ಕೆಳಗೇ ಹೈಡ್ರಾಲಿಕ್ ಪಂಪ್ ಇರುತ್ತದೆ; ಅದರ ವಾಲ್ವಿನ ಕೆಳಗೆ ಒಂದು ಮರಳಿನ ಕಣ ಕುಳಿತರೂ ಎತ್ತಿದ ಎಂಜಿನ್ ತಾನಾಗಿ ಕೆಳಗಿಳಿಯತೊಡಗುತ್ತದೆ.

ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ಹೊರಬಂದ ಮೇಲೆ ಕಮ್ಯುಟೇಟರನ್ನು ನಯವಾದ ಮರಳು ಕಾಗದದಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕುಳಿತರೆ ತೊಂದರೆ. ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕೂತ ಕಾರ್ಬನ್ ಧೂಳನ್ನು ಹ್ಯಾಕ್ಸಾ ಬ್ಲೇಡಿನ ತುಣುಕಿನಿಂದ ಕೆರೆದು ತೆಗೆಯಿರಿ. ಪಟ್ಟಿಗೂ ನಡುವಿನ ಶಾಫ್ಟಿಗೂ ಮೀಟರ್ ಸಂಪರ್ಕ ತೋರಿಸಿದರೆ ಆರ್ಮೇಚರ್ ಕೆಟ್ಟಿದೆ ಎಂದು ತಿಳಿಯಿರಿ. ಜೋಡಿಸುವಾಗ ಸೋರಿಕೆ ತಡೆಯುವ ಹಳೆಯ ಓ-ರಿಂಗನ್ನು (ರಬ್ಬರ್ ಬಳೆಯನ್ನು) ಮತ್ತೆ ಹಾಕುವ ಉಳಿತಾಯ ಬೇಡ.

ಉತ್ತರ: ಹಳೆಯ ದೋಣಿಗಾರ, ಬೇಲೂರು

ಮೋಟರ್ ಬಿಚ್ಚಿದ ಮೇಲೆ ಹೈಡ್ರಾಲಿಕ್ ಪಂಪಿನ ಎಣ್ಣೆ ಕಡಿಮೆಯಾಗಿಯೇ ಆಗುತ್ತದೆ. ಎಂಜಿನ್ ಪೂರ್ತಿ ಮೇಲಿದ್ದಾಗ ಮಾತ್ರ ಎಣ್ಣೆಯ ಮುಚ್ಚಳವನ್ನು ತೆಗೆಯಬೇಕು. ಕೆಳಗಿದ್ದಾಗ ತೆಗೆದರೆ ಒತ್ತಡಕ್ಕೆ ಎಣ್ಣೆ ಚಿಮ್ಮಬಹುದು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ, ಬಹುಪಾಲು ಎಂಜಿನ್‌ಗಳಿಗೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಅನ್ನು, ತೂತಿನ ಅಂಚಿನವರೆಗೆ ತುಂಬಿಸಿ ನಾಲ್ಕೈದು ಸಲ ಏರಿಸಿ ಇಳಿಸಿದರೆ ಗಾಳಿ ಹೊರಹೋಗುತ್ತದೆ. ಅಂಗಡಿಯಲ್ಲಿ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿಯಬೇಡಿ, ಸೀಲುಗಳು ಉಬ್ಬಿ ಹಾಳಾಗುತ್ತವೆ.

ಹಿನ್ನೀರಿನವನು, ಹಾಸನ

ಭಾನುವಾರ ಬಿಚ್ಚಿದೆವು. ಮೇಲಿನ ಮುಚ್ಚಳ ತೆಗೆದ ಕೂಡಲೇ ಚಹಾದ ಬಣ್ಣದ ನೀರು ಅರ್ಧ ಲೋಟದಷ್ಟು ಸುರಿಯಿತು. ಒಂದು ಬ್ರಷ್ ತುಕ್ಕು ಹಿಡಿದ ಗೂಡಿನಲ್ಲಿ ಕಲ್ಲಿನಂತೆ ಕುಳಿತಿತ್ತು. ಅದರ ಸ್ಪ್ರಿಂಗ್ ಮುಟ್ಟಿದರೆ ಪುಡಿಯಾಯಿತು. ವೈರುಗಳು ಒಳಹೋಗುವ ಕಡೆಯ ರಬ್ಬರ್ ಬುಷ್ ಸೀಳಿದ್ದರಿಂದ ನೀರು ಅಲ್ಲಿಂದಲೇ ಇಳಿದಿರಬೇಕು. ಆರ್ಮೇಚರ್ ಕೆಟ್ಟಿರಲಿಲ್ಲ. ಹಾಸನದ ಬಿ.ಎಂ. ರಸ್ತೆಯ ಕಡೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯವರು ಸೆಲ್ಫ್ ಮೋಟರಿನ ಕಾರ್ಬನ್ನನ್ನು ಅದೇ ಅಳತೆಗೆ ಉಜ್ಜಿ, ಸ್ಪ್ರಿಂಗ್ ಸಹಿತ ಕೂರಿಸಿಕೊಟ್ಟರು. ಹೊಸ ಓ-ರಿಂಗ್, ಹೊಸ ಬುಷ್ ಹಾಕಿ ಎಣ್ಣೆ ತುಂಬಿಸಿದ ಮೇಲೆ ಎಂಜಿನ್ ಮೊದಲಿನಂತೆ ಏರಿ ಇಳಿಯುತ್ತಿದೆ. ಆದರೆ ರಾತ್ರಿ ಎತ್ತಿಟ್ಟ ಎಂಜಿನ್ ಬೆಳಿಗ್ಗೆ ಒಂದು ಗೇಣು ಇಳಿದಿರುತ್ತದೆ. ಪಂಪಿಗೆ ಕಸ ಬಿದ್ದಿರಬಹುದೇ?

ಭದ್ರಾ ತೀರ, ಲಕ್ಕವಳ್ಳಿ

ಪಂಪಿಗೆ ಕೈಹಾಕುವ ಮೊದಲು ಆ ಮ್ಯಾನುಯಲ್ ವಾಲ್ವನ್ನು ಮತ್ತೆ ಬಿಗಿ ಮಾಡಿದ್ದೀರಾ ನೋಡಿ.

ಹಿನ್ನೀರಿನವನು, ಹಾಸನ

ಮುಕ್ಕಾಲು ಸುತ್ತು ಸಡಿಲವಿತ್ತು. ಬಿಗಿ ಮಾಡಿ ಎರಡು ರಾತ್ರಿ ಕಳೆಯಿತು, ಎಂಜಿನ್ ಇಟ್ಟಲ್ಲೇ ಇದೆ.