ಗುದನಾಳದ ಕ್ಯಾನ್ಸರ್: ಗಡ್ಡೆ ಕರಗಿದ ಮೇಲೂ ಆಪರೇಷನ್ ಬೇಕಾ?

ತುಂಗಾತೀರ:
ಗುದದ್ವಾರದಿಂದ 4 ಸೆಂ.ಮೀ. ಒಳಗೆ ಗಡ್ಡೆ, ಟಿ3 (ಸ್ನಾಯು ಪದರ ದಾಟಿದ ಹಂತ). ಕ್ಯಾಪೆಸಿಟಬಿನ್ ಮಾತ್ರೆ ಜೊತೆ 28 ರೇಡಿಯೇಶನ್, ಆಮೇಲೆ ಕೇಪಾಕ್ಸ್ ಕೀಮೋ 5 ಸೈಕಲ್ ಮುಗಿದಿದೆ. ಈಗ ಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಹಾಕಿ ನೋಡಿದಾಗ) ಗಡ್ಡೆ ಕಾಣ್ತಿಲ್ಲ. ಆಪರೇಷನ್ ಮಾಡಿದ್ರೆ ಹೊಟ್ಟೆ ಮೇಲೆ ಮಲದ ಬ್ಯಾಗ್ ಕಾಯಂ ಅಂತಾರೆ. ಬಯಾಪ್ಸಿ ನೆಗೆಟಿವ್ ಬಂದ್ರೆ ಬಿಟ್ಟುಬಿಡಬಹುದಾ?

ಕರುಳಿನ ಮಾತು:
ಬರೀ ಬಯಾಪ್ಸಿ ನೆಚ್ಚಿಕೊಳ್ಳಬೇಡಿ. ಮೇಲ್ಪದರ ಮಾಗಿದ್ರೂ ಕೆಳಗಿನ ಸ್ನಾಯು ಪದರದಲ್ಲಿ ಕ್ಯಾನ್ಸರ್ ಕೋಶ ಉಳಿದಿರಬಹುದು. ಚಿಮಟಕ್ಕೆ ಸಿಗೋದು ಮೇಲಿನ ಚೂರು. ಮೂರು ಪರೀಕ್ಷೆಯೂ ಒಂದೇ ಮಾತು ಹೇಳಬೇಕು. ಬೆರಳಿಗೆ ಎಲ್ಲೂ ಗಂಟು ತಾಗದೆ ನುಣ್ಣಗಿರಬೇಕು. ಸ್ಕೋಪಿಯಲ್ಲಿ ಚಪ್ಪಟೆ ಬಿಳಿ ಕಲೆ, ಅದರ ಮೇಲೆ ಕೂದಲೆಳೆಯಂಥ ಕೆಂಪು ರಕ್ತನಾಳಗಳು. ಎಂಆರ್‌ಐನ ಟಿ2 ಚಿತ್ರದಲ್ಲಿ (ಇದು ಚಿತ್ರದ ಒಂದು ಬಗೆ, ಗಡ್ಡೆಯ ಹಂತವಲ್ಲ) ಕಪ್ಪು ಗಾಯದ ಗುರುತು ಮಾತ್ರ. ಸಣ್ಣ ಹುಣ್ಣು ಉಳಿದಿದ್ರೆ 8–12 ವಾರ ಬಿಟ್ಟು ಮತ್ತೆ ನೋಡ್ತಾರೆ, ಅಷ್ಟಕ್ಕೇ ಗಾಬರಿ ಬೇಡ.

ನೆರಳುಬೆಳಕು:
ಎಂಆರ್‌ಐನಲ್ಲಿ ಡಿಫ್ಯೂಷನ್ ಚಿತ್ರ (ಉಳಿದ ಗಡ್ಡೆ ಹೊಳೆದು ಕಾಣುವ ಬಗೆ) ಇದೆಯಾ ಕೇಳಿ. ಗುದನಾಳದಲ್ಲಿ ಗಾಳಿ ತುಂಬಿದ್ರೆ ಆ ಚಿತ್ರ ಸೊಟ್ಟಗಾಗಿ, ಇಲ್ಲದ ಗಡ್ಡೆ ಹೊಳೆದ ಹಾಗೆ ಕಾಣುತ್ತೆ. ಸ್ಕ್ಯಾನಿಗೆ ಸ್ವಲ್ಪ ಮುಂಚೆ ಸಣ್ಣ ಎನಿಮಾ ಕೊಟ್ಟರೆ ಈ ತಾಪತ್ರಯ ಬಹಳ ಕಡಿಮೆ. ಚಿಕಿತ್ಸೆಗೆ ಮುಂಚಿನ ಎಂಆರ್‌ಐ ಸಿಡಿಯನ್ನೂ ಒಯ್ಯಿರಿ. ಹೋಲಿಸದೆ ಬರೆದ ರಿಪೋರ್ಟಿಗೆ ಅರ್ಧ ಬೆಲೆ.

ತುಂಗಾತೀರ:
ಮೂರೂ ಸರಿಯಿದ್ರೆ ಮುಂದೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು? ನಡುವೆ ರಕ್ತ ಕಂಡ್ರೆ?

ಕರುಳಿನ ಮಾತು:
ಮೊದಲ 2 ವರ್ಷ 3–4 ತಿಂಗಳಿಗೊಮ್ಮೆ ಬೆರಳು ಪರೀಕ್ಷೆ, ಸಿಗ್ಮಾಯ್ಡೋಸ್ಕೋಪಿ (ಗುದನಾಳ, ಕೆಳಗರುಳಿನ ಸ್ಕೋಪಿ), ಸಿಇಎ (ಕ್ಯಾನ್ಸರ್ ಸುಳಿವಿನ ರಕ್ತಪರೀಕ್ಷೆ). ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ. ಎಂಆರ್‌ಐ ಕನಿಷ್ಠ 3 ವರ್ಷ 6 ತಿಂಗಳಿಗೊಮ್ಮೆ. ಶ್ವಾಸಕೋಶ, ಲಿವರ್‌ಗೆ ಸಿಟಿ ಬೇರೆ. ಸಿಇಎ ನಾರ್ಮಲ್ ಅಂತ ಸ್ಕೋಪಿ ತಪ್ಪಿಸೋದೇ ದೊಡ್ಡ ಎಡವಟ್ಟು. ಅಮೆರಿಕದ ಓಪ್ರಾ ಅಧ್ಯಯನದಲ್ಲಿ ನಿಮ್ಮ ಹಾಗೆ ರೇಡಿಯೇಶನ್ ಮೊದಲು, ಕೀಮೋ ಆಮೇಲೆ ಪಡೆದವರಲ್ಲಿ 5 ವರ್ಷಕ್ಕೆ 54% ಜನರಿಗೆ ಗುದನಾಳ ಉಳಿದಿತ್ತು; ಕೀಮೋ ಮೊದಲು ಪಡೆದವರಲ್ಲಿ 39%. ಮತ್ತೆ ಬೆಳೆದ ಗಡ್ಡೆಗಳಲ್ಲಿ 94% ಮೊದಲ 2 ವರ್ಷದಲ್ಲೇ ಸಿಕ್ಕವು. ಬೇಗ ಸಿಕ್ಕರೆ ಆಪರೇಷನ್ ಸಾಮಾನ್ಯವಾಗಿ ಆಗಲೂ ಸಾಧ್ಯ. ಊರು ದೂರ, ಪದೇ ಪದೇ ಬರೋಕಾಗಲ್ಲ ಅನ್ನೋರಿಗೆ ಆಪರೇಷನ್ ಬಿಟ್ಟು ಕಾದು ನೋಡುವ ಈ ದಾರಿ ಬೇಡ.

ರಕ್ತ ಅಂದ್ರೆ ಗಡ್ಡೆ ಮರಳಿತು ಅಂತಲೇ ಅಲ್ಲ, ರೇಡಿಯೇಶನ್ ಆದ ಜಾಗದ ತೆಳು ನಾಳಗಳೂ ಒಸರುತ್ತವೆ. ಆದ್ರೂ ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ತೋರಿಸಿ.

ಪೆಥಾಲಜಿ ಮೂಲೆ:
ಮೊದಲ ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಇಟ್ಟ ಚೂರು) ಮೇಲೆ ಎಂಎಂಆರ್ ಟೆಸ್ಟ್ (ಕೋಶದಲ್ಲಿ ಡಿಎನ್ಎ ತಪ್ಪು ತಿದ್ದುವ ವ್ಯವಸ್ಥೆ ಸರಿಯಿದೆಯಾ ಅನ್ನೋ ಪರೀಕ್ಷೆ) ಆಗಿದೆಯಾ? ಅದರಲ್ಲಿ ದೋಷವಿರುವ ಕೆಲವೇ ಜನರಿಗೆ ಡೋಸ್ಟಾರ್ಲಿಮ್ಯಾಬ್ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧ) ಇದೆ: 3 ವಾರಕ್ಕೊಮ್ಮೆ 500 ಮಿ.ಗ್ರಾಂ., 6 ತಿಂಗಳು. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆ ಸ್ಲೋನ್ ಕೆಟರಿಂಗ್‌ನಲ್ಲಿ ಅದನ್ನು ಪೂರ್ತಿ ಪಡೆದ 49 ಗುದನಾಳ ರೋಗಿಗಳಿಗೂ ಗಡ್ಡೆ ಕರಗಿತು, ರೇಡಿಯೇಶನ್ನೂ ಬೇಕಾಗಲಿಲ್ಲ. ಔಷಧ ದುಬಾರಿ, ಟೆಸ್ಟ್ ಅಲ್ಲ. ಹೊಸದಾಗಿ ಪತ್ತೆಯಾದವರು ಚಿಕಿತ್ಸೆ ಶುರುವಾಗೋ ಮೊದಲೇ ಮಾಡಿಸಿಬಿಡಿ.